ಹಡಗು ಕಾಣುತ್ತದೆ, ಕಾಕಾನ ಸೌತೆಕಾಯಿ ಕಾಣುವುದಿಲ್ಲ

ಹೋದ ತಿಂಗಳು ಅಮೆರಿಕದ ನ್ಯೂಜೆರ್ಸಿಯಿಂದ ನನ್ನ ಪಿಯುಸಿ ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅಂಗಡಿಯ ಕಪಾಟಿನಲ್ಲಿ ಗಾಜಿನ ಬಾಟಲಿ, ಒಳಗೆ ವಿನೆಗರ್‌ನಲ್ಲಿ ಮುಳುಗಿದ ಪುಟ್ಟ ಪುಟ್ಟ ಸೌತೆಕಾಯಿ. ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರಾಡಕ್ಟ್ ಆಫ್ ಇಂಡಿಯಾ’. ಕೆಳಗೆ ಅವನ ಸಾಲು: ‘ನಿಮ್ಮ ಕಾಕಾನ ಹೊಲದ್ದೇನೋ ನೋಡಲೇ!’

ತಮಾಷೆಗೆ ಬರೆದಿದ್ದ. ಆದರೆ ಆ ಪ್ರಶ್ನೆಗೆ ಉತ್ತರ ಇದೆ. ಮುಚ್ಚಳದ ಮೇಲೆ ಅಚ್ಚು ಹಾಕಿದ ಲಾಟ್ ನಂಬರ್ ಹಿಡಿದು ಹಿಂದಕ್ಕೆ ಬಂದರೆ ಕಾರ್ಖಾನೆ ಸಿಗುತ್ತದೆ, ಅಲ್ಲಿಂದ ಖರೀದಿ ಸೆಂಟರ್, ಅಲ್ಲಿಂದ ಅವತ್ತು ಕಾಯಿ ಹಾಕಿದ ರೈತರ ಪಟ್ಟಿ. ಕಂಪನಿಗೆ ಗೊತ್ತಾಗುತ್ತದೆ, ಅಮೆರಿಕದ ಅಂಗಡಿಯವನು ಕೇಳಿದರೆ ಅವನಿಗೂ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಕಾಕಾನಿಗೆ ಒಬ್ಬನಿಗೇ.

ಮಿಡಿಸೌತೆ ನಮ್ಮ ಹಾವೇರಿ-ದಾವಣಗೆರೆ ಸೀಮೆಯ ಓದುಗರಿಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಗರ್ಕಿನ್ ಅನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾಗಿ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿದ ಬೆಳೆ. ಕೇಂದ್ರದ ರಫ್ತು ಸಂಸ್ಥೆ ಅಪೆಡಾ ಲೆಕ್ಕದಲ್ಲಿ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ. ಜಗತ್ತಿಗೆ ಬೇಕಾದ ಮಿಡಿಸೌತೆಯಲ್ಲಿ ಹತ್ತಿರಹತ್ತಿರ ಶೇ 15ರಷ್ಟು ಇಲ್ಲಿನದೇ. ಇಷ್ಟೆಲ್ಲ ಬೆಳೆದೂ ನಾವು ತಿನ್ನುವುದಿಲ್ಲ. ಊರ ಸಂತೆಯಲ್ಲಿ ಇದಕ್ಕೆ ಗಿರಾಕಿಯೇ ಇಲ್ಲ. ಕಂಪನಿ ಒಯ್ದರೆ ಸರಕು, ಬಿಟ್ಟರೆ ದನದ ಮೇವು.

ಬೆಳೆದವರಿಗೆ ಇದರ ಆತುರ ಗೊತ್ತು. ಇವತ್ತು ಕಿರುಬೆರಳಷ್ಟಿದ್ದ ಕಾಯಿ ನಾಳೆ ಬೆಳಿಗ್ಗೆ ಹೆಬ್ಬೆರಳು ದಾಟಿರುತ್ತದೆ. ಹಾಗಾಗಿ ಕೊಯ್ಲು ಶುರುವಾದ ಮೇಲೆ ಹಬ್ಬ ಇಲ್ಲ, ಮದುವೆ ಇಲ್ಲ, ದಿನಾ ಹರಿಯಲೇಬೇಕು. ನಮ್ಮ ಚಿಗವ್ವ ಕಳೆದ ವರ್ಷ ತವರಿನ ಜಾತ್ರೆಗೂ ಹೋಗಲಿಲ್ಲ. ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ್ಜೆ, ದರ್ಜೆಯ ಮೇಲೆ ದುಡ್ಡು. ಸಣ್ಣ ಕಾಯಿಗೆ ಹೆಚ್ಚು ದರ, ದಪ್ಪ ಕಾಯಿಗೆ ಕಡಿಮೆ, ಇನ್ನೂ ದಪ್ಪವಾದರೆ ರಿಜೆಕ್ಟ್. ಬೀಜ, ಗೊಬ್ಬರ, ಔಷಧಿ ಎಲ್ಲ ಕಂಪನಿಯೇ ಸಾಲವಾಗಿ ಕೊಡುತ್ತದೆ, ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ದರ ಬಿತ್ತುವ ಮೊದಲೇ ನಿಗದಿ. ದರ ಮೊದಲೇ ಗೊತ್ತಿರುವುದರಿಂದ ಟೊಮೆಟೊ, ಈರುಳ್ಳಿಯಂತೆ ರಸ್ತೆಗೆ ಸುರಿಯುವ ಪಾಡಿಲ್ಲ ಎಂದೇ ಎಷ್ಟೋ ಜನ ಇದಕ್ಕೆ ಬಂದರು. ಆ ಮಾತು ಸುಳ್ಳೂ ಅಲ್ಲ. ಅಪೆಡಾ ಹೇಳುವಂತೆ ಎಕರೆಗೆ ಸರಾಸರಿ 4 ಟನ್ ಬೆಳೆದು 90 ದಿನದಲ್ಲಿ 80,000 ರೂಪಾಯಿ ಎಣಿಸಬಹುದು, ಅದರಲ್ಲಿ 40,000 ನಿವ್ವಳ. ಅಂದರೆ ಕಿಲೋಗೆ ಸುಮಾರು 20 ರೂಪಾಯಿ ಆಯಿತು.

ಇನ್ನು ಆಚೆ ಕಡೆಯ ಲೆಕ್ಕ. 2020-21ರಲ್ಲಿ ದೇಶದಿಂದ 2,23,515 ಟನ್ ಸೌತೆ ಮತ್ತು ಮಿಡಿಸೌತೆ ಹೊರಹೋಯಿತು, ಬಂದದ್ದು 22.3 ಕೋಟಿ ಡಾಲರ್. ಭಾಗಿಸಿ ನೋಡಿ, ಕಿಲೋಗೆ ಹೆಚ್ಚುಕಡಿಮೆ ಒಂದು ಡಾಲರ್, ಆಗಿನ ದರದಲ್ಲಿ 74 ರೂಪಾಯಿ. ಉಳಿದ 54 ರೂಪಾಯಿಯನ್ನು ಯಾರೋ ನುಂಗಿದರು ಅನ್ನುತ್ತಿಲ್ಲ. ಅದರಲ್ಲಿ ಉಪ್ಪು, ವಿನೆಗರ್, ಡ್ರಮ್ಮು, ಬಾಟಲಿ, ಕಾರ್ಖಾನೆಯ ಹೆಣ್ಣುಮಕ್ಕಳ ಪಗಾರ, ಲಾರಿ, ಬಂದರು ಎಲ್ಲ ಇದೆ. ನಾನು ಹೇಳಬೇಕಾದದ್ದು ಬೇರೆ. ಚಿನ್ನವನ್ನೋ ಮೊಬೈಲನ್ನೋ ಹಡಗಿಗೆ ಹಾಕಿದರೆ ಬಾಡಿಗೆ ಲೆಕ್ಕಕ್ಕೇ ಬರುವುದಿಲ್ಲ. ಕಿಲೋಗೆ ಒಂದು ಡಾಲರಿನ ಸರಕಿಗೆ ಬರುತ್ತದೆ. 20 ಟನ್ ತುಂಬಿದ ಕಂಟೇನರ್ ಎಂದರೆ 20,000 ಡಾಲರ್ ಸರಕು. ಬಾಡಿಗೆ ನಾಲ್ಕೈದು ಸಾವಿರ ಡಾಲರ್ ಏರಿದರೆ ಲಾಭ ಹೋಗಿ ಅಸಲಿಗೇ ಕೈ ಬೀಳುತ್ತದೆ.

ಹಾಗೆ ಏರಿದ್ದೂ ಉಂಟು. ಡ್ರೂರಿ ಎಂಬ ಸಂಸ್ಥೆ ಜಗತ್ತಿನ ಮುಖ್ಯ ಹಡಗು ಮಾರ್ಗಗಳ ಬಾಡಿಗೆಯ ಸೂಚ್ಯಂಕ ಇಡುತ್ತದೆ. 40 ಅಡಿ ಕಂಟೇನರಿಗೆ 2019ರಲ್ಲಿ ಸರಾಸರಿ 1,420 ಡಾಲರ್ ಇದ್ದದ್ದು 2021ರ ಸೆಪ್ಟೆಂಬರಿನಲ್ಲಿ 10,377ಕ್ಕೆ ಮುಟ್ಟಿತು. ಕೊರೊನಾದಲ್ಲಿ ಬಂದರುಗಳು ಕಟ್ಟಿಕೊಂಡಿದ್ದವು, ಖಾಲಿ ಕಂಟೇನರುಗಳು ಬೇಕಾದ ಕಡೆ ಇರಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಬಂದ್ ಮಾಡಿದ್ದು ನಿಮಗೆ ನೆನಪಿರಬಹುದು, ಎಲ್ಲರ ಸ್ಟೇಟಸ್‌ನಲ್ಲಿ ಅದರ ಜೋಕೇ ಇತ್ತು. ಆಮೇಲೆ 2023ರ ನವೆಂಬರಿನಿಂದ ಯೆಮನ್‌ನ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗೆ ಇಳಿದರು. ಸೂಯೆಜ್ ಬಿಟ್ಟು ಇಡೀ ಆಫ್ರಿಕಾ ಖಂಡವನ್ನು ಸುತ್ತಿ ಹೋಗುವ ಪರಿಸ್ಥಿತಿ ಬಂತು. ಯುರೋಪಿಗೆ ಹತ್ತು-ಹದಿನಾಲ್ಕು ದಿನ ಹೆಚ್ಚು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ 50 ಸುಂಕ ಹೇರಿದ್ದು ಇದರ ಮುಂದಿನ ಕಂತು.

ಈಗ ಸೆಂಟರಿಗೆ ಬನ್ನಿ. 2024ರ ಜನವರಿ ಕೊನೆಯ ಒಂದು ಸಂಜೆ, ಕಾಕಾ ಆರು ಕ್ರೇಟ್ ಕಾಯಿ ಬೈಕಿಗೆ ಕಟ್ಟಿಕೊಂಡು ಒಯ್ದ. ಎರಡನ್ನು ದರ್ಜೆ ಇಳಿಸಿದರು, ಒಂದನ್ನು ವಾಪಸ್ ಕೊಟ್ಟರು. ಹಿಂದಿನ ವಾರದವರೆಗೂ ಅದೇ ಬಳ್ಳಿ, ಅದೇ ಆಳು, ಅದೇ ಅಳತೆಯ ಕಾಯಿ ನಡೆಯುತ್ತಿತ್ತು. ‘ಯಾಕ್ರೀ ಸಾಹೇಬ್ರ?’ ಅಂದರೆ ‘ಮ್ಯಾಲಿನಿಂದ ಆರ್ಡರ್ ಐತಿ ಕಾಕಾ’ ಎಂದನಂತೆ ಸೂಪರ್‌ವೈಸರ್. ಅವನೂ ನಮ್ಮ ಪಕ್ಕದ ಊರಿನ ಹುಡುಗನೇ, ಅವನಿಗಾದರೂ ಎಷ್ಟು ಗೊತ್ತಿತ್ತೋ. ವಾಪಸ್ ಬಂದ ಕ್ರೇಟ್ ಎಮ್ಮೆಯ ಗ್ವಾದಲಿಗೆ ಹೋಯಿತು.

ಆ ರಾತ್ರಿ ಕಟ್ಟೆಯ ಮೇಲೆ ಕೂತು ಕಾಕಾನಿಗೆ ನನ್ನ ಮೊಬೈಲಿನಲ್ಲಿ ಹಡಗುಗಳನ್ನು ತೋರಿಸಿದೆ. ಅಂಥ ಆ್ಯಪ್‌ಗಳಿವೆ, ಪುಕ್ಕಟೆ. ಸಮುದ್ರದ ನಕಾಶೆಯ ಮೇಲೆ ಒಂದೊಂದು ಹಡಗೂ ಬಾಣದ ಗುರುತಾಗಿ ಚಲಿಸುತ್ತಿರುತ್ತದೆ, ಮುಟ್ಟಿದರೆ ಹೆಸರು, ವೇಗ, ಹೋಗುವ ಬಂದರು. ಕೆಂಪು ಸಮುದ್ರದಲ್ಲಿ ಹೋಗಬೇಕಾಗಿದ್ದ ಹಡಗುಗಳು ಆಫ್ರಿಕಾದ ತುದಿಯಲ್ಲಿ ಇರುವೆ ಸಾಲಿನಂತೆ ಸುತ್ತು ಹೊಡೆಯುತ್ತಿದ್ದವು. ಕಾಕಾ ಬಹಳ ಹೊತ್ತು ನೋಡಿದ. ‘ಇದರಾಗ ನಮ್ಮ ಕಾಯಿ ಯಾವುದರಾಗ ಐತಿ?’ ಎಂದ. ನಾನು ಮೊಬೈಲ್ ಜೇಬಿಗಿಟ್ಟೆ.

ಆ ಕ್ರೇಟ್ ವಾಪಸ್ ಬಂದದ್ದು ಹೌತಿಗಳಿಂದಲೇ ಎಂದು ನಾನು ಹೇಳುತ್ತಿಲ್ಲ. ಕಂಪನಿಯವರು ಕಾಯಿ ದಪ್ಪವಿತ್ತು ಎನ್ನುತ್ತಾರೆ. ಇದ್ದರೂ ಇರಬಹುದು. ಇರಲಿಲ್ಲ ಎನ್ನಲು ಕಾಕಾನ ಬಳಿ ಒಂದು ಹರಕು ಚೀಟಿ ಬಿಟ್ಟರೆ ಏನೂ ಇಲ್ಲ, ಅದರಲ್ಲಿ ಬರೆದದ್ದು ಒಟ್ಟು ತೂಕ ಮಾತ್ರ. ನನ್ನ ತಕರಾರು ಅಲ್ಲಿದೆ.

ಯಾಕೆಂದರೆ ಇದೇ ಕಾಯಿಯ ಬಗ್ಗೆ ಆಚೆ ಕಡೆಯವರು ಇಟ್ಟಿರುವ ಲೆಕ್ಕ ನೋಡಿ. ಆಹಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದರ ದಾಖಲೆ ಇರಲೇಬೇಕೆಂದು ಯುರೋಪ್ ಒಕ್ಕೂಟ 2002ರಲ್ಲೇ ಕಾನೂನು ಮಾಡಿದೆ. ಪ್ರತ್ಯೇಕ ಮಿತಿ ಹೇಳಿರದ ಕೀಟನಾಶಕದ ಉಳಿಕೆ ಕಿಲೋಗೆ 0.01 ಮಿಲಿಗ್ರಾಂ ದಾಟುವಂತಿಲ್ಲ. ನೂರು ಟನ್ ಕಾಯಿಯಲ್ಲಿ ಒಂದು ಗ್ರಾಂ! ಅದಕ್ಕೇ ಫೀಲ್ಡ್‌ನವರು ವಾರಕ್ಕೊಮ್ಮೆ ಬಂದು ಯಾವ ಔಷಧಿ, ಯಾವತ್ತು ಹೊಡೆದಿರಿ ಎಂದು ಬರೆದುಕೊಳ್ಳುವುದು. ವಾಲ್‌ಮಾರ್ಟ್ ಕಂಪನಿ ಐಬಿಎಂ ಜೊತೆ ಸೇರಿ ಬ್ಲಾಕ್‌ಚೈನ್ ಪ್ರಯೋಗ ಮಾಡಿದಾಗ, ಅಂಗಡಿಯಲ್ಲಿನ ಒಂದು ಮಾವಿನಹಣ್ಣಿನ ಪೊಟ್ಟಣ ಯಾವ ತೋಟದ್ದೆಂದು ಹುಡುಕಲು ಮೊದಲು ಸುಮಾರು ಏಳು ದಿನ ಹಿಡಿಯುತ್ತಿತ್ತು, ಆಮೇಲೆ 2.2 ಸೆಕೆಂಡ್. ಒಳ್ಳೆಯದೇ. ತಿನ್ನುವವರ ಆರೋಗ್ಯದ ಪ್ರಶ್ನೆ, ಅವರು ಕೇಳುವುದರಲ್ಲಿ ತಪ್ಪಿಲ್ಲ. ನಾವೂ ನಮ್ಮ ತರಕಾರಿಗೆ ಹಾಗೇ ಕೇಳಬೇಕಿತ್ತು, ಅದು ಬೇರೆ ಮಾತು.

ಆದರೆ ಇಷ್ಟೆಲ್ಲ ಆವಿಷ್ಕಾರ ಒಂದೇ ದಿಕ್ಕಿಗೆ ನೋಡುತ್ತದೆ. ಅಂಗಡಿಯಿಂದ ಹೊಲದ ಕಡೆಗೆ ಕಿಟಕಿ ಇದೆ, ಹೊಲದಿಂದ ಅಂಗಡಿಯ ಕಡೆಗೆ ಗೋಡೆ. ತಪ್ಪು ಸಿಕ್ಕರೆ 2.2 ಸೆಕೆಂಡಿನಲ್ಲಿ ರೈತನ ಹೆಸರು ಸಿಗಬಹುದಾದರೆ, ‘ನಿಮ್ಮ ಮೂರನೇ ಕ್ರೇಟಿನ ದರ್ಜೆ ಇಳಿಸಿದ್ದೇವೆ, ಕಾರಣ ಇದು’ ಎಂಬ ಮೆಸೇಜು ಕಾಕಾನ ಮೊಬೈಲಿಗೆ ಬರಲು ಏನು ಅಡ್ಡಿ?

ತಂತ್ರಜ್ಞಾನ ಇಲ್ಲ ಎನ್ನುವವರು ನಮ್ಮೂರ ಹಾಲಿನ ಡೇರಿಗೆ ಬರಲಿ. ಚಿಗವ್ವ ಕ್ಯಾನ್ ಇಟ್ಟರೆ ಯಂತ್ರ ಅವಳ ಕಣ್ಣೆದುರೇ ಫ್ಯಾಟ್ ತೋರಿಸುತ್ತದೆ, ಲೀಟರ್, ಫ್ಯಾಟ್, ದರ, ಮೊತ್ತ ಎಲ್ಲ ಅಚ್ಚಾದ ಚೀಟಿ ಬರುತ್ತದೆ. ಮೂರನೇ ಇಯತ್ತೆ ಓದಿದ ಹೆಂಗಸು ಅದನ್ನು ಹಿಡಿದು ಸೆಕ್ರೆಟರಿಯ ಜೊತೆ ಜಗಳ ಆಡುತ್ತಾಳೆ, ಗೆದ್ದೂ ಬರುತ್ತಾಳೆ. ಎರಡು ಲೀಟರ್ ಹಾಲಿಗೆ ಇರುವ ಮರ್ಯಾದೆ ಸಮುದ್ರ ದಾಟುವ ಸೌತೆಕಾಯಿಗೆ ಯಾಕಿಲ್ಲ? ದರ್ಜೆ ಮಾಡುವುದು ರೈತನ ಎದುರಿಗೆ ಆಗಲಿ. ಚೀಟಿಯಲ್ಲಿ ದರ್ಜೆವಾರು ತೂಕ, ರಿಜೆಕ್ಟ್ ಆದದ್ದು ಎಷ್ಟು, ಯಾಕೆ ಎಂದು ಕನ್ನಡದಲ್ಲಿ ಇರಲಿ. ಒಪ್ಪಂದದ ಒಂದು ಪ್ರತಿ ರೈತನ ಟ್ರಂಕಿನಲ್ಲೂ ಇರಲಿ. ಕಾಕಾ ಸಹಿ ಮಾಡಿದ ಕಾಗದವನ್ನು ನಾನು ಈವರೆಗೆ ಕಣ್ಣಿಂದ ನೋಡಿಲ್ಲ, ಅವನೂ ಸಹಿ ಮಾಡಿದ ದಿನ ನೋಡಿದ್ದೇ ಕೊನೆ. ಹಡಗು ತಡವಾಗಿ ಖರೀದಿ ಬಿಗಿ ಮಾಡುವುದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಲಿ. ಎರಡು ವಾರ ಮೊದಲೇ ಗೊತ್ತಾದರೆ ಕೊಯ್ಲಿನ ಆಳು ಕಡಿಮೆ ಮಾಡಿ ಆ ಕೂಲಿಯನ್ನಾದರೂ ಉಳಿಸಿಕೊಳ್ಳಬಹುದು.

‘ಇಷ್ಟೆಲ್ಲ ಕೇಳಿದರ ಕಂಪನಿ ಬ್ಯಾರೆ ಊರಿಗೆ ಹೊಕ್ಕೈತಿ’ ಎನ್ನುವವರೂ ನಮ್ಮೂರಲ್ಲಿದ್ದಾರೆ. ಆ ಹೆದರಿಕೆ ನಿಜ. ಸೆಂಟರ್ ಎತ್ತಿದರೆ ಮರುದಿನದ ಕಾಯಿಗೆ ಎಮ್ಮೆಯೇ ಗತಿ. ಆದರೆ ಮಿಡಿಸೌತೆಗೆ ದಿನಾ ಹರಿಯುವ ಕೈಗಳು ಬೇಕು, ಸ್ವಂತ ಹೊಲದಂತೆ ನೋಡುವ ಕಣ್ಣು ಬೇಕು. ಅದು ಸಣ್ಣ ರೈತರ ಮನೆಗಳಲ್ಲಿ ಇರುವುದರಿಂದಲೇ ಈ ಬೆಳೆ ನಮ್ಮ ಕಡೆ ಬಂದದ್ದು. ಒಬ್ಬ ಕೇಳಿದರೆ ಅವನ ಹೆಸರು ಹೊಡೆಯುತ್ತಾರೆ. ಸೆಂಟರಿಗೆ ಕಾಯಿ ಹಾಕುವ ನಲವತ್ತು ಮನೆಯವರೂ ಒಂದೇ ದಿನ ದರ್ಜೆವಾರು ಚೀಟಿ ಕೇಳಿದರೆ ಎಷ್ಟು ಹೆಸರು ಹೊಡೆಯುತ್ತಾರೆ? ಅಲ್ಲಿಯವರೆಗೆ ಕನಿಷ್ಠ ಕ್ರೇಟ್ ಇಳಿಸುವ ಮೊದಲು ತಕ್ಕಡಿಯ ಸಮೇತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ದಿನಾಂಕ, ಸಮಯ ಮೊಬೈಲೇ ಬರೆದುಕೊಳ್ಳುತ್ತದೆ.

ಈ ಹಂಗಾಮಿನ ಬೀಜ ಮುಂದಿನ ವಾರ ಬರುತ್ತದಂತೆ. ಕಾಕಾ ಈ ಸಲ ಅರ್ಧ ಎಕರೆಯ ಬದಲು ಹತ್ತು ಗುಂಟೆ ಸಾಕು ಎಂದಿದ್ದಾನೆ, ಉಳಿದದ್ದಕ್ಕೆ ಗೋವಿನಜೋಳ. ನ್ಯೂಜೆರ್ಸಿಯ ಗೆಳೆಯ ಮಾತ್ರ ಆ ಬಾಟಲಿ ಕೊಂಡು ತಿಂದನಂತೆ. ‘ಹುಳಿ ಜಾಸ್ತಿ’ ಎಂದು ಬರೆದಿದ್ದಾನೆ.