ಬಾವುಟ ಹಿಡಿದ ಕೈಗೆ ಆನರ್ಸೂ ದಕ್ಕಲಿ

ಕನ್ನಡದ ಯುವಕ ಯುವತಿಯರೇ,

ಒಂದು ಪ್ರಶ್ನೆ. ಬೇಸರ ಮಾಡಿಕೊಳ್ಳದೆ ಉತ್ತರ ಕೊಡಿ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ನೀವು ಎಷ್ಟು ಸಲ ಗಂಟಲು ಹರಿಯುವಂತೆ ಕೂಗಿದ್ದೀರಿ? ಎಷ್ಟು ಮೆರವಣಿಗೆಯಲ್ಲಿ ನಡೆದಿದ್ದೀರಿ? ಸಂತೋಷ. ಆದರೆ ಆ ವರದಿ ಏನು ಹೇಳುತ್ತದೆ ಎಂದು ಪೂರ್ತಿ ನೋಡಿದ್ದೀರಾ?

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಸಾರ್ವಜನಿಕ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸ ನೂರಕ್ಕೆ ನೂರು ಕನ್ನಡಿಗರಿಗೆ. ಬಿ ದರ್ಜೆಯಲ್ಲಿ ನೂರಕ್ಕೆ 80. ಎ ದರ್ಜೆಯಲ್ಲಿ ನೂರಕ್ಕೆ 65. ನಮ್ಮ ವೇದಿಕೆಗಳ ಭಾಷಣದಲ್ಲಿ ಮೊದಲನೆಯ ಮಾತು ಗುಡುಗುತ್ತದೆ. ಕೊನೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಗೇಟು ಕಾಯುವ ಕೆಲಸ ನಮ್ಮವರಿಗೆ ಬೇಕು, ಸರಿ. ಗೇಟಿನ ಒಳಗೆ ಕುರ್ಚಿಯಲ್ಲಿ ಕೂತು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಸಹಿ ಹಾಕುವವರು ಯಾರು? ಆ ಕುರ್ಚಿಗೆ ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಾಗುತ್ತಿದ್ದೇವೆ?

2024ರ ಜುಲೈ ನೆನಪಿದೆಯಲ್ಲ? ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಯಿಲೆಬ್ಬಿಸಿದರು. ಅದೇ ವಾರ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಅಂದು ಅವರು ಹಾಡಿದ ಹಾಡು ಒಂದೇ: “ಸ್ಥಳೀಯರಲ್ಲಿ ಅರ್ಹರು ಸಿಗುವುದಿಲ್ಲ.” ಇದು ಸುಳ್ಳು ಎಂದು ನಾವು ಕೂಗಿದೆವು. ಕೂಗಬೇಕಾದ್ದೇ. ಆದರೆ ಕೂಗಿನ ಜೊತೆಗೆ ಪದವಿ ಪತ್ರವನ್ನೂ ಮೇಜಿನ ಮೇಲೆ ಬಡಿದು ತೋರಿಸಿದರೆ ಆ ಬಾಯಿ ಮುಚ್ಚುತ್ತದೆ.

ಅದಕ್ಕೇ ಈ ವಾರ ಬೋರ್ಡು, ಬಾವುಟ ಬಿಟ್ಟು ಆನರ್ಸ್ ಪದವಿಯ ಮಾತು.

ಏನಿದು ಆನರ್ಸ್? ಮಾಮೂಲಿ ಡಿಗ್ರಿಯಲ್ಲಿ ಎರಡು ಮೂರು ವಿಷಯಗಳನ್ನು ಮೇಲೆ ಮೇಲೆ ಮುಟ್ಟಿ ಬರುತ್ತೇವೆ. ಆನರ್ಸ್‌ನಲ್ಲಿ ಒಂದು ವಿಷಯದ ಆಳಕ್ಕೆ ಇಳಿಯಬೇಕು. ಯುಜಿಸಿ 2022ರಲ್ಲಿ ಹೊರಡಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಅಂಕ ಪಡೆದವರು ಕೊನೆಯ ವರ್ಷ ಸಂಶೋಧನೆ ಆರಿಸಿಕೊಂಡು ಸ್ವಂತ ಪ್ರಬಂಧ ಬರೆಯಬಹುದು. ಇದರಿಂದ ಲಾಭವೇನು? ನಾಲ್ಕು ವರ್ಷ ಮುಗಿಸಿದವರಿಗೆ ಎಂ.ಎ., ಎಂ.ಎಸ್ಸಿ. ಒಂದೇ ವರ್ಷ. ಶೇಕಡಾ 75 ಅಂಕವಿದ್ದರೆ ಎಂ.ಎ. ಇಲ್ಲದೆಯೂ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಇದು 2022ರ ಪಿಎಚ್.ಡಿ. ನಿಯಮದಲ್ಲೇ ಇದೆ.

ಅಂಕ, ಕ್ರೆಡಿಟ್ ಹಾಗಿರಲಿ. ನಿಜವಾದ ಲಾಭ ಬೇರೆ. ನಮ್ಮ ಪ್ರೆಸ್ಸಿಗೆ ಪ್ರತಿ ವರ್ಷ ಕಾಲೇಜು ಹುಡುಗರು ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಲು ಬರುತ್ತಾರೆ. ಒಂದೇ ವರದಿ, ಹತ್ತು ಹೆಸರು. ಒಳಗಿನ ಹಾಳೆಯಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ, ರಟ್ಟಿನ ಮೇಲಿನ ಹೆಸರು ಮಾತ್ರ ಬೇರೆ. ಕಾಗುಣಿತದ ತಪ್ಪು ಕೂಡ ಅಲ್ಲಲ್ಲೇ ಇರುತ್ತದೆ! ಪಿಯುಸಿಗೆ ಓದು ನಿಲ್ಲಿಸಿದ ನನ್ನ ಕಣ್ಣಿಗೇ ಅದು ಕಾಣುತ್ತದೆ ಎಂದ ಮೇಲೆ ಇಂಟರ್‌ವ್ಯೂನಲ್ಲಿ ಕೂತವರ ಕಣ್ಣಿಗೆ ಕಾಣುವುದಿಲ್ಲವೆ? ಒಳ್ಳೆಯ ಆನರ್ಸ್ ತರಗತಿಯಲ್ಲಿ ಈ ಆಟ ನಡೆಯುವುದಿಲ್ಲ. ಪ್ರಶ್ನೆ ನಿಮ್ಮದೇ ಆಗಬೇಕು, ಉತ್ತರ ನೀವೇ ಹುಡುಕಬೇಕು, ನಾಲ್ಕು ಜನ ಮೇಷ್ಟ್ರ ಎದುರು ನಿಂತು ಸಮರ್ಥಿಸಿಕೊಳ್ಳಬೇಕು. ಹಾಗೆ ನಿಂತು ಅಭ್ಯಾಸವಾದವನು ಯಾವ ಕಂಪನಿಯ ಕೋಣೆಯಲ್ಲೂ ತಲೆ ತಗ್ಗಿಸುವುದಿಲ್ಲ.

ಇದು ಸೀಮೆಯಿಂದ ಬಂದ ಹೊಸ ಸರಕು ಎಂದುಕೊಳ್ಳಬೇಡಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ ಆನರ್ಸ್ ಎಂದರೆ ಊರೇ ಎದ್ದು ನಿಲ್ಲುತ್ತಿತ್ತು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಕಂಸದೊಳಗೆ ‘ಆನರ್ಸ್’ ಎಂದು ಅಚ್ಚಾಗುತ್ತಿದ್ದ ಕಾಲ ಅದು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದಿದರು. ಮುಂದೆ ಅಮೆರಿಕದ ಓಹಿಯೊದಲ್ಲಿ ಪಿಎಚ್.ಡಿ. ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಹಳ್ಳಿಯ ಕನ್ನಡ ಶಾಲೆಯಿಂದ ಹೊರಟವರು ಅವರು!

ಇನ್ನೊಂದು ಹೆಸರು ನಮ್ಮ ಚಳವಳಿಯದೇ: ಡಾ. ಎಂ. ಚಿದಾನಂದಮೂರ್ತಿ. ಚನ್ನಗಿರಿ ತಾಲೂಕಿನ ಹಿರೇಕೋಗಲೂರಿನವರು. ಮೈಸೂರಿನಲ್ಲಿ ಕನ್ನಡ ಆನರ್ಸ್ ಮುಗಿಸಿದ್ದು 1953ರಲ್ಲಿ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದರು. ಕನ್ನಡ ಶಕ್ತಿ ಕೇಂದ್ರ ಕಟ್ಟಿ ಬೀದಿಗೂ ಇಳಿದರು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬೇಕೆಂದು ಅವರು ವಾದಿಸಿದಾಗ ಅದರ ಹಿಂದೆ ಶಾಸನಗಳ ಆಧಾರವಿತ್ತು. 2008ರಲ್ಲಿ ಆ ಸ್ಥಾನ ಬಂತು. ಘೋಷಣೆ ಕೂಗುವುದಕ್ಕೆ ಗಂಟಲು ಸಾಕು, ಹಕ್ಕು ಗೆಲ್ಲುವುದಕ್ಕೆ ಓದು ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಏನು?

ಈಗಿನ ಕಥೆ ಕೇಳಿ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಆನರ್ಸ್ ನಮ್ಮ ಸರ್ಕಾರಿ ಕಾಲೇಜುಗಳಿಗೂ ಬಂತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೇಷ್ಟ್ರಿಲ್ಲ, ಕೊಠಡಿಯಿಲ್ಲ, ಪ್ರಯೋಗಾಲಯವಿಲ್ಲ, ಬಡವರ ಮಕ್ಕಳಿಗೆ ನಾಲ್ಕನೆಯ ವರ್ಷ ಹೊರೆ ಎಂಬ ಕಾರಣಗಳು ಸುಳ್ಳಲ್ಲ. ಆ ನೀತಿಯ ಮೇಲೆ ನಮಗೂ ಜಗಳವಿದೆ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆ? ಶುಲ್ಕ ಕಟ್ಟುವ ತಾಕತ್ತಿದ್ದವರ ಮಕ್ಕಳಿಗೆ ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಆನರ್ಸ್ ಇದ್ದೇ ಇದೆ. ಹೊರ ರಾಜ್ಯದ ಹುಡುಗರು ನಮ್ಮ ಬೆಂಗಳೂರಿಗೇ ಬಂದು ಅದನ್ನು ಓದುತ್ತಾರೆ. ಸರ್ಕಾರಿ ಕಾಲೇಜಿನ ಮೆಟ್ಟಿಲು ಹತ್ತುವ ಕನ್ನಡದ ಹುಡುಗಿಗೆ ಮಾತ್ರ ಆ ಬಾಗಿಲು ಮುಚ್ಚಿದೆ. ಇದು ಯಾವ ಸೀಮೆಯ ನ್ಯಾಯ?

ಹಾಗೆಂದು ಕೈಕಟ್ಟಿ ಕೂರಬೇಡಿ. ತೆರೆದ ಬಾಗಿಲುಗಳೂ ಇವೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಕೃಷಿ ಪದವಿ ಆನರ್ಸ್ ಪದವಿಯೇ. ನಾಲ್ಕು ವರ್ಷ, ಸಿಇಟಿ ಮೂಲಕ ಸೀಟು, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಅಲ್ಲಿ ಕನ್ನಡ ಬಲ್ಲವನೇ ರಾಜ. ಊರಲ್ಲಿ ಎರಡು ಎಕರೆ ಇದ್ದೂ ನಗರದಲ್ಲಿ ಕೆಲಸ ಹುಡುಕಿ ಅಲೆಯುತ್ತಿರುವವರ ಮನೆಗಳಲ್ಲಿ ಇದು ಎಷ್ಟು ಜನರಿಗೆ ಗೊತ್ತು?

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ನೋಡಿ. ಕರ್ನಾಟಕದ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲಿ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಆನರ್ಸ್. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಇಲ್ಲಿನ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಮೀಸಲಿಟ್ಟಿತು. ಅದೇ ವರ್ಷ ಹೈಕೋರ್ಟು ಅದನ್ನು ರದ್ದು ಮಾಡಿತು. ನಂತರ 2021ರಲ್ಲಿ ಸಂಸ್ಥೆ ತಾನಾಗಿಯೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಮೀಸಲು ಜಾರಿಗೆ ತಂದಿತು. ಗಮನಿಸಿ: ಆ ಸೀಟಿಗೆ ಕೇಳುವುದು ರಾಜ್ಯದಲ್ಲಿ ಹತ್ತು ವರ್ಷ ಓದಿರಬೇಕು ಎಂದು, ಕನ್ನಡ ಬರುತ್ತದೆಯೇ ಎಂದಲ್ಲ. ನೀವು ಕ್ಲ್ಯಾಟ್ ಪರೀಕ್ಷೆ ಬರೆಯದಿದ್ದರೆ ‘ಕರ್ನಾಟಕದ ಸೀಟು’ ಕನ್ನಡದ ಗಾಳಿಯೂ ಸೋಕದವರ ಪಾಲಾಗುತ್ತದೆ. ನಾಳೆ ನ್ಯಾಯಾಲಯದಲ್ಲಿ ಕನ್ನಡದ ಪರ ವಾದಿಸಲು ಬಾಡಿಗೆ ವಕೀಲರನ್ನು ಹುಡುಕಬೇಕಾಗುತ್ತದೆ.

“ಇಂಗ್ಲಿಷ್ ಬರುವುದಿಲ್ಲ ಸಾರ್” ಎನ್ನುತ್ತೀರಿ. ಭಯ ಸಹಜ. ಕನ್ನಡ ಮಾಧ್ಯಮದ ಹುಡುಗ ಮೊದಲ ವರ್ಷ ಒದ್ದಾಡುತ್ತಾನೆ. ಕ್ಲ್ಯಾಟ್ ಇಂಗ್ಲಿಷಿನಲ್ಲೇ ನಡೆಯುವುದು ಅನ್ಯಾಯ, ಅದರ ವಿರುದ್ಧ ಹೋರಾಡೋಣ. ಆದರೆ ಹೋರಾಟ ಗೆಲ್ಲುವವರೆಗೆ ಓದು ನಿಲ್ಲಿಸಬೇಡಿ. ಇಂಗ್ಲಿಷ್ ಒಂದು ಆಯುಧ. ಶತ್ರುವಿನ ಕೈಯಲ್ಲಿದೆ ಎಂದು ಆಯುಧವನ್ನೇ ಮುಟ್ಟದವನು ಯುದ್ಧ ಗೆದ್ದದ್ದುಂಟೆ? ನಾಲ್ಕು ಜನ ಸೇರಿ ಓದಿ. ದಿನಕ್ಕೆ ಹತ್ತು ಪದ ಬರೆದಿಡಿ, ಪಕ್ಕದಲ್ಲಿ ಕನ್ನಡದ ಪದವನ್ನೂ ಬರೆಯಿರಿ. ಆ ನೋಟ್‌ಬುಕ್ಕನ್ನು ಮುಂದಿನ ವರ್ಷ ಬರುವ ತಮ್ಮನಿಗೆ, ತಂಗಿಗೆ ಕೊಡಿ.

ಒಂದು ಎಚ್ಚರಿಕೆಯ ಮಾತು. ಆನರ್ಸ್ ಎಂದು ಬೋರ್ಡು ಹಾಕಿದ್ದೆಲ್ಲ ಆನರ್ಸ್ ಅಲ್ಲ. ಹಣ ಕಟ್ಟುವ ಮೊದಲು ಕೇಳಿ: ಯುಜಿಸಿ ಮಾನ್ಯತೆ ಇದೆಯೇ? ಕೊನೆಯ ವರ್ಷ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಮೇಷ್ಟ್ರು ಯಾರು? ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ನಾಲ್ಕೂ ವರ್ಷದ ಶುಲ್ಕ ಒಟ್ಟು ಎಷ್ಟು? ವಿದ್ಯಾರ್ಥಿವೇತನ ಉಂಟೆ? ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ. ಮನೆಯಲ್ಲಿ ಕಷ್ಟವಿದ್ದರೆ ಸಾಲ ಮಾಡಿ ಹೆಸರು ಕೊಳ್ಳಬೇಡಿ. ಒಳ್ಳೆಯ ಸರ್ಕಾರಿ ಕಾಲೇಜಿನ ಮೂರು ವರ್ಷ, ಕೆಟ್ಟ ಅಂಗಡಿಯ ನಾಲ್ಕು ವರ್ಷಕ್ಕಿಂತ ಮೇಲು.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟೆ. ಜಿಲ್ಲೆಗೆ ಕನಿಷ್ಠ ಒಂದು ಸರ್ಕಾರಿ ಕಾಲೇಜಿನಲ್ಲಿ ಇಷ್ಟಪಟ್ಟವರಿಗೆ ಆನರ್ಸ್ ಕೊಡಿ. ಮೇಷ್ಟ್ರನ್ನು ನೇಮಿಸಿ, ಪ್ರಬಂಧವನ್ನು ಕನ್ನಡದಲ್ಲೂ ಬರೆಯಲು ಬಿಡಿ. ಬೇಡವಾದವರು ಮೂರು ವರ್ಷಕ್ಕೆ ಪದವಿ ಪಡೆದು ಹೋಗಲಿ.

ಸಂಘಟನೆಗಳ ಗೆಳೆಯರಿಗೂ ಒಂದು ಮಾತು. ನವೆಂಬರಿನಲ್ಲಿ ಪೆಂಡಾಲಿಗೆ, ಆರ್ಕೆಸ್ಟ್ರಾಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ. ಪಿಯುಸಿ ಫಲಿತಾಂಶದ ಹೊತ್ತಿಗೆ ಪ್ರತಿ ಶಾಖೆಯ ಮುಂದೆ ಒಂದು ಮೇಜು ಹಾಕಿ. ಅರ್ಜಿ ತುಂಬಿಸಿ, ಕೊನೆಯ ದಿನಾಂಕ ಬರೆದು ಅಂಟಿಸಿ, ಬಡ ಹುಡುಗಿಯ ಅರ್ಜಿ ಶುಲ್ಕ ಕಟ್ಟಿ. ಒಂದು ಶಾಖೆಯಿಂದ ವರ್ಷಕ್ಕೆ ಒಬ್ಬರು ಸೀಟು ಪಡೆದರೂ ಐದು ವರ್ಷದಲ್ಲಿ ನಮ್ಮ ಬಲ ಬೇರೆಯೇ ಆಗಿರುತ್ತದೆ.

ತಮ್ಮಂದಿರೇ, ತಂಗಿಯರೇ, ಅರಿಶಿನ ಕುಂಕುಮದ ಬಾವುಟ ಹೆಗಲ ಮೇಲಿರಲಿ. ಅದರ ಜೊತೆಗೆ ಈ ವರ್ಷ ಅರ್ಜಿಯೊಂದು ನಿಮ್ಮ ಕೈಯಲ್ಲಿರಲಿ. ಎ ದರ್ಜೆಯ ಆ 65 ಕುರ್ಚಿಗಳು ಭಾಷಣಕ್ಕೆ ತುಂಬುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!