ಲೆಕ್ಕ ತೆರೆದಿರಲಿ


ಪರರ ಕಷ್ಟಕ್ಕೆಂದು ಹಣ ಕೂಡಿಸುವವರ ಕೈಯಲ್ಲಿರುವುದು ಅಮಾನತ್ತು. ಸೌದಿ ಅರೇಬಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೋಝಿಕ್ಕೋಡಿನ ಒಬ್ಬರ ಬಿಡುಗಡೆಗೆ ಪರಿಹಾರ ಧನ ಬೇಕಿತ್ತು. 2024ರ ಎಪ್ರಿಲ್‌ನಲ್ಲಿ ಆ 34 ಕೋಟಿ ರೂಪಾಯಿ ಕೂಡಿಬಂತು. ಜಾತಿ ಮತ ನೋಡದೆ ಜನ ಕೊಟ್ಟರು. ಬಂದ ಮೊತ್ತ ಮೊಬೈಲ್ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಗುರಿ ಮುಟ್ಟಿದೊಡನೆ ಸಂಗ್ರಹ ನಿಲ್ಲಿಸಿದರು.

ನಿಮ್ಮ ಮೊಹಲ್ಲಾದ ರೋಗಿಗಾಗಿ ನೀವು ಹಣ ಕೂಡಿಸುವಾಗಲೂ ಇದೇ ದಾರಿ. ಆಸ್ಪತ್ರೆಯ ಖರ್ಚಿನ ಅಂದಾಜು ತೋರಿಸಿ, ಬೇಕಾದ ಮೊತ್ತ ಮೊದಲೇ ಹೇಳಿ. ಸಾಧ್ಯವಾದರೆ ಹಣ ನೇರ ಆಸ್ಪತ್ರೆಯ ಖಾತೆಗೇ ಹೋಗಲಿ. ಬಂದದ್ದು, ಖರ್ಚಾದದ್ದು, ಉಳಿದದ್ದು ಮೂರನ್ನೂ ಕೊಟ್ಟವರಿಗೆ ತಿಳಿಸಿ. ಮನೆಯವರು ಒಪ್ಪದೆ ರೋಗಿಯ ಫೋಟೋ ಹಂಚಬೇಡಿ. ನೆರವು ಕೇಳಿದ್ದಕ್ಕೆ ಯಾರ ಮಾನವೂ ಹೋಗಬಾರದು.

ಇಂದು ಒಬ್ಬರು ಲೆಕ್ಕ ತಪ್ಪಿದರೆ, ನಾಳೆ ನಿಜವಾಗಿ ಕಷ್ಟದಲ್ಲಿರುವವಳಿಗೂ ಬಾಗಿಲು ಮುಚ್ಚುತ್ತದೆ.