ಶರ್ಮಿಷ್ಠೆಯ ಹೆಸರೇ ಏಕೆ?



ಕಾಳಿದಾಸನ ಶಾಕುಂತಲ ನಾಟಕದ ನಾಲ್ಕನೆಯ ಅಂಕದಲ್ಲಿ ಕಣ್ವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಯಯಾತಿಗೆ ಶರ್ಮಿಷ್ಠೆ ಇದ್ದ ಹಾಗೆ ಗಂಡನಿಗೆ ಬೇಕಾದವಳಾಗೆಂದು ಹರಸುತ್ತಾರೆ. ಕೈಹಿಡಿದ ರಾಣಿ ದೇವಯಾನಿ ಇರುವಾಗ ಶರ್ಮಿಷ್ಠೆಯ ಹೆಸರೇಕೆ? ನಾಟಕ ಅಲ್ಲಿ ನಿಲ್ಲುವುದಿಲ್ಲ. ಮಹಾಭಾರತದ ಆ ಸಂಸಾರವನ್ನು ನಮ್ಮ ಕೊಲ್ಹಾಪುರದಲ್ಲಿ ನೆಲೆಸಿದ್ದ ವಿ. ಸ. ಖಾಂಡೇಕರರು 1959ರಲ್ಲಿ ‘ಯಯಾತಿ’ ಕಾದಂಬರಿಯಾಗಿ ಹಿಗ್ಗಿಸಿದರು. ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ಅದರಲ್ಲಿ ತಮ್ಮ ಕತೆ ತಾವೇ ಹೇಳುತ್ತಾರೆ. 1961ರಲ್ಲಿ ಗಿರೀಶ ಕಾರ್ನಾಡರು ಅದೇ ಕತೆಯನ್ನು ಕನ್ನಡದಲ್ಲಿ ಮತ್ತೆ ನಾಟಕ ಮಾಡಿದರು. ಅಪ್ಪನ ಮುಪ್ಪು ಹೊತ್ತ ಪುರುವಿನ ಹೆಂಡತಿ ಚಿತ್ರಲೇಖೆಗೂ ಬಾಯಿ ಬಂತು.

ಮರಾಠಿ ಪುಸ್ತಕ ಹಿಡಿದರೆ ಮಕ್ಕಳು ಕನ್ನಡ ಬಿಟ್ಟಾರೆಂದು ಕೆಲವರು ಅಂಜುತ್ತಾರೆ. ನನಗೆ ಆ ಅಂಜಿಕೆ ಇಲ್ಲ. ಶಾಲೆಯಲ್ಲಿ ಮರಾಠಿಯನ್ನೂ ಕಲಿಯುವ ಚಂದಗಡದ ಕನ್ನಡ ಹುಡುಗಿ ಈ ಇಬ್ಬರನ್ನೂ ಅವರವರ ಭಾಷೆಯಲ್ಲೇ ಓದಬಲ್ಲಳು. ಪುಣೆಯವರಿಗೂ ಬೆಂಗಳೂರಿನವರಿಗೂ ಅದು ಸುಲಭವಲ್ಲ.

ನನ್ನ ಚಿಂತೆ ಬೇರೆ. ಮರಾಠಿ ಕಾದಂಬರಿ ಹೇಗೋ ಕೈಗೆ ಸಿಗುತ್ತದೆ. ಕನ್ನಡ ನಾಟಕ ಬೇಕೆಂದರೆ ಬೆಳಗಾವಿಯ ಬಸ್ಸು ಹತ್ತಬೇಕು. ನಾನು ಕಂಡ ಒಂದು ಶಾಲೆಯಲ್ಲಿ ಕನ್ನಡ ಪುಸ್ತಕಗಳ ಕಪಾಟಿಗೆ ಕೀಲಿ ಹಾಕಿತ್ತು. ಕೀಲಿಕೈ ಯಾರ ಹತ್ತಿರವೆಂದು ಹೇಳುವವರಿರಲಿಲ್ಲ. ಬರುವ ಪಾಲಕರ ಸಭೆಯಲ್ಲಿ ಫೀ, ಸಮವಸ್ತ್ರದ ಮಾತು ಮುಗಿದ ಮೇಲೆ ತಮ್ಮ ಶಾಲೆಯ ಕಪಾಟಿನ ಕೀಲಿಕೈಯನ್ನೂ ಕೇಳಿರಿ. ಹತ್ತನೆಯ ಇಯತ್ತೆ ದಾಟಿದವರಿಗೆ (ವಿಷಯ ಸ್ವಲ್ಪ ಬಲಿತದ್ದು) ಎರಡೂ ಪುಸ್ತಕ ಕೊಡಿಸಿ, ಶರ್ಮಿಷ್ಠೆಯ ನೋವು ಯಾವುದರಲ್ಲಿ ಹೆಚ್ಚು ತಟ್ಟಿತೆಂದು ಅವರನ್ನೇ ಕೇಳಿರಿ.